ಮಿಕ್ಕ ಇಪ್ಪತ್ತು ನಿಮಿಷ

ಹೂಟಗಳ್ಳಿಯ ನಮ್ಮ ಮನೆಯಲ್ಲಿ ಪ್ರತಿ ಗಂಟೆಯೂ ಎರಡು ಸಲ ಆಗುತ್ತಿತ್ತು. ಮೊದಲು ಗೋಡೆಯ ಮೇಲೆ, ಆಮೇಲೆ ಇಪ್ಪತ್ತು ನಿಮಿಷ ಬಿಟ್ಟು ಊರಿಗೆಲ್ಲ. ಅಪ್ಪ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ಕಂಪನಿ ಬಸ್ಸು ಯಾರ ಮನೆಯ ಕಾಫಿಗೂ ಕಾಯುತ್ತಿರಲಿಲ್ಲ. ಹೊಸದರಲ್ಲಿ ಒಂದು ದಿನ ಬಸ್ಸು ತಪ್ಪಿ, ನಡೆದುಕೊಂಡು ಹೋಗಿ, ಗೇಟಿನಲ್ಲಿ ನಾಲ್ಕು ಜನರ ಮುಂದೆ ಬೈಸಿಕೊಂಡು ಬಂದರಂತೆ. ಅವತ್ತು ಗಡಿಯಾರದ ಮುಳ್ಳನ್ನು ಇಪ್ಪತ್ತು ನಿಮಿಷ ಮುಂದಕ್ಕೆ ತಿರುಗಿಸಿದವರು ಮತ್ತೆ ಹಿಂದಕ್ಕೆ ತರಲಿಲ್ಲ. ಆ ಕೀಲಿ ಗಡಿಯಾರ ಕೆಟ್ಟು ಬ್ಯಾಟರಿಯದು ಬಂದಾಗಲೂ ಮೊದಲು ಇಪ್ಪತ್ತು ನಿಮಿಷ ಮುಂದೆ ಮಾಡಿ ಆಮೇಲೆ ಮೊಳೆಗೆ ಹಾಕಿದರು. ರಿಟೈರ್ ಆಗಿ ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತ ಮೇಲೂ ಅದು ಹಾಗೇ ಇತ್ತು. ಎಲ್ಲಿಗೂ ಹೋಗಬೇಕಿಲ್ಲದ ಮನುಷ್ಯ ಎಲ್ಲದಕ್ಕೂ ಇಪ್ಪತ್ತು ನಿಮಿಷ ಮೊದಲೇ ತಯಾರಾಗಿರುತ್ತಿದ್ದರು.

ನಡುವಿನ ಆ ಇಪ್ಪತ್ತು ನಿಮಿಷಕ್ಕೆ ಅಮ್ಮ ಇಟ್ಟ ಹೆಸರು ‘ಮಿಕ್ಕಿದ್ದು’. ಗೋಡೆಯ ಗಡಿಯಾರ ನೋಡಿ ನಾನು ಚಪ್ಪಲಿ ಹಾಕಿಕೊಂಡರೆ, ‘ಮಿಕ್ಕಿದ್ದು ಇದೆ ಕಣೇ, ಕೂತ್ಕೋ’ ಎಂದು ಕೈ ಹಿಡಿದು ಕೂರಿಸುತ್ತಿದ್ದಳು. ಮಿಕ್ಕಿದ್ದರಲ್ಲಿ ನನ್ನ ಜಡೆ, ಮಿಕ್ಕಿದ್ದರಲ್ಲಿ ಅಪ್ಪನ ಎರಡನೇ ಲೋಟ ಕಾಫಿ, ಮಿಕ್ಕಿದ್ದರಲ್ಲಿ ಅವರಿಬ್ಬರ ಸಣ್ಣ ಜಗಳ. ಬೇರೆಯವರ ಮನೆಗಳಲ್ಲಿ ಈ ಹೊತ್ತೇ ಇರುವುದಿಲ್ಲ ಎಂದು ನನಗೆ ತಿಳಿದದ್ದು ಶಾಲೆಗೆ ಸೇರಿದ ಮೇಲೆ. ಕಳೆಯುವ ಲೆಕ್ಕವನ್ನು ನಾನು ಕಲಿತದ್ದೂ ಆ ಗಡಿಯಾರದಿಂದಲೇ. ಎಂಟು ಹೊಡೆದರೆ ಏಳೂ ನಲವತ್ತು. ನಮ್ಮ ಮನೆಯಲ್ಲಿ ಯಾರೂ ಗಡಿಯಾರ ತೋರಿಸಿದ ಟೈಮನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕಣ್ಣಲ್ಲಿ ಒಂದು, ಬಾಯಲ್ಲಿ ಇನ್ನೊಂದು.

ವಾರಗಳಿಗೂ ಅಮ್ಮನ ಹತ್ತಿರ ಬೇರೆಯೇ ಹೆಸರಿತ್ತು. ಫಸ್ಟು, ಸೆಕೆಂಡು, ನೈಟು. ಅಪ್ಪನ ಶಿಫ್ಟು ವಾರಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ಅವಳ ಪಾಲಿಗೆ ಪ್ರಪಂಚವೂ ವಾರಕ್ಕೊಮ್ಮೆ ಬದಲಾಗುತ್ತಿತ್ತು. ನಾನು ಹುಟ್ಟಿದ್ದು ಯಾವ ತಾರೀಕು ಎಂದು ಕೇಳಿದರೆ ಸ್ವಲ್ಪ ಯೋಚಿಸುತ್ತಾಳೆ. ಆದರೆ ಸೆಕೆಂಡ್ ಶಿಫ್ಟ್ ವಾರ ಎಂಬುದನ್ನು ಥಟ್ಟನೆ ಹೇಳುತ್ತಾಳೆ. ‘ಒಂದು ಗಳಿಗೆ ಬಂದೆ’ ಎಂದು ಪಕ್ಕದ ಮನೆಗೆ ಹೋದರೆ ಸಾರು ಸೀಯುವವರೆಗೂ ಬರುತ್ತಿರಲಿಲ್ಲ. ಗಳಿಗೆ ಅಂದರೆ ಇಪ್ಪತ್ತನಾಲ್ಕು ನಿಮಿಷ ಎಂದು ಓದಿಕೊಂಡು ಬಂದು ನಾನು ಹೇಳಿದ್ದಕ್ಕೆ, ‘ಅದ್ಯಾವನು ನನ್ನ ಗಳಿಗೆ ಅಳೆದೋನು’ ಎಂದಿದ್ದಳು.

ನಾನೀಗ ಯಾದವಗಿರಿಯ ಒಂದು ಸಣ್ಣ ಶಾಲೆಯಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. ರಟ್ಟಿನ ಗಡಿಯಾರ ಹಿಡಿದು, ಚಿಕ್ಕ ಮುಳ್ಳು ಗಂಟೆ, ದೊಡ್ಡ ಮುಳ್ಳು ನಿಮಿಷ ಎಂದು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ. ವಾರಕ್ಕೆ ಏಳು ದಿನ ಎಂದರೆ ಯಾವುದಾದರೂ ಒಂದು ಮಗು ಎದ್ದು, ‘ಮಿಸ್, ನಮ್ಮಜ್ಜಿ ಎಂಟು ದಿನ ಅಂತಾರೆ’ ಅನ್ನುತ್ತದೆ. ಅಜ್ಜಿಯ ತಪ್ಪೇನಿಲ್ಲ. ನಾವೆಲ್ಲ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಅನ್ನುವವರೇ. ಇಷ್ಟು ಧಾರಾಳವಾಗಿ ಕಾಲವನ್ನು ಲೆಕ್ಕ ಹಾಕುವ ಜನ, ಒಂದು ವಿಷಯದಲ್ಲಿ ಮಾತ್ರ ನಿಮಿಷಕ್ಕೆ ನಿಮಿಷ ಬಿಡುವುದಿಲ್ಲ. ಅದು ಪ್ರಾಣ ಹೋದ ಹೊತ್ತು.

ಅಪ್ಪ ಹೋದದ್ದು ಜೂನ್ ಮೊದಲಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನಾನು ಒಬ್ಬಳೇ ಮಗಳು. ಮದುವೆ ಆಗಿಲ್ಲ, ಅದರ ಕಥೆ ಬೇರೆ, ಇಲ್ಲಿ ಬೇಡ. ಅಗ್ರಹಾರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು ಇದ್ದೇನೆ. ಭಾನುವಾರ ತಪ್ಪದೆ ಹೂಟಗಳ್ಳಿಗೆ ಹೋಗುತ್ತಿದ್ದೆ. ಅಪ್ಪ ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸಣ್ಣ ಕೋಣೆಯಲ್ಲಿ, ಕಿಟಕಿಯ ಕೆಳಗೆ ಅವರ ಮಂಚ. ಬಾಗಿಲ ಹಿಂದಿನ ಮೊಳೆಯಲ್ಲಿ ಅವರ ನೀಲಿ ಗೆರೆಯ ಅಂಗಿ. ಅಮ್ಮ ಕಾಲ ಬಳಿ, ನಾನು ತಲೆಯ ಬಳಿ, ಪಕ್ಕದ ಮನೆಯಾಕೆ ಬಾಗಿಲಲ್ಲಿ. ಉಸಿರು ಎಳೆದೆಳೆದು ಬರುತ್ತಿತ್ತು. ಒಂದು ಉಸಿರು ಆದ ಮೇಲೆ ಇನ್ನೊಂದಕ್ಕೆ ಕಾದೆವು. ಅದು ಬರಲಿಲ್ಲ.

ಪಕ್ಕದ ಮನೆಯಾಕೆ ಮೆತ್ತಗೆ, ‘ಟೈಮ್ ನೋಡ್ಕಳಮ್ಮ’ ಎಂದರು. ನಾನು ಕತ್ತು ತಿರುಗಿಸಿ ನಡುಮನೆಯ ಗೋಡೆ ನೋಡಿ, ‘ಹನ್ನೊಂದು ಇಪ್ಪತ್ತು’ ಎಂದೆ. ಆಕೆ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಅಮ್ಮ ಆಗ ಅಪ್ಪನ ಪಾದ ಹಿಡಿದುಕೊಂಡು ಕೂತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸಿರಲಾರದು.

ಮಧ್ಯಾಹ್ನ ಊರಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ, ಮನೆಯ ಸಾವು ಹುಟ್ಟಿಗೆಲ್ಲ ಅವರದೇ ಯಜಮಾನಿಕೆ. ಬಂದವರೇ ಕ್ಯಾಲೆಂಡರ್ ನೋಡಿ ಪಂಚಾಂಗದವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಪುಟ ತಿರುವಿದ ಸದ್ದು ಕೇಳಿಸಿತು. ‘ಹನ್ನೊಂದೂ ಎಂಟಕ್ಕೆ ಭರಣಿ ಮುಗ್ದೋಯ್ತು. ನೀವು ಹೇಳ್ತಿರೋದು ಹನ್ನೊಂದು ಇಪ್ಪತ್ತು. ಕೃತ್ತಿಕೆ ಬಂದ್ಬುಟ್ಟಿದೆ ಕಣ್ರೀ. ಭರಣೀಲಿ ಹೋಗಿದ್ರೆ ಏನೂ ಇರ್ಲಿಲ್ಲ. ಕೃತ್ತಿಕೆಗೆ ಮೂರು ತಿಂಗಳು ಮನೆ ಬಿಡ್ಬೇಕು.’ ಹನ್ನೆರಡು ನಿಮಿಷಕ್ಕೆ ಮೂರು ತಿಂಗಳು.

ಕೆಟ್ಟ ನಕ್ಷತ್ರದಲ್ಲಿ ಪ್ರಾಣ ಹೋದರೆ ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳಿನ ಕೊಂಬೆ ಇಟ್ಟು, ಹೇಳಿದಷ್ಟು ತಿಂಗಳು ಯಾರೂ ಒಳಗೆ ಹೋಗಬಾರದು. ಗುಡಿಸಬಾರದು, ದೀಪ ಹಚ್ಚಬಾರದು, ಒಳಗಿನ ಸಾಮಾನು ಹೊರಗೆ ತರಬಾರದು. ನಮ್ಮ ಕಡೆ ಇದನ್ನು ನಂಬುವವರೂ ಮಾಡುತ್ತಾರೆ, ನಂಬದವರೂ ಮಾಡುತ್ತಾರೆ. ನಾನು ನಂಬುವವಳಲ್ಲ. ಹಾಗೆಂದು ಸಾವಿನ ಮನೆಯಲ್ಲಿ ಬಾಯಿ ಬಿಡುವಷ್ಟು ಧೈರ್ಯವೂ ನನಗಿರಲಿಲ್ಲ.

ಅಮ್ಮ ಮಾತ್ರ ಜಗ್ಗಲಿಲ್ಲ. ‘ನಾನೆಲ್ಲೂ ಬರಲ್ಲ. ಅವರು ಮಲಗಿದ್ದ ಜಾಗದಲ್ಲಿ ಮಲಕ್ಕತೀನಿ. ಏನಾದ್ರೂ ಆದ್ರೆ ನಂಗೇ ಆಗ್ಲಿ’ ಎಂದಳು.

ದೊಡ್ಡಪ್ಪ ತಣ್ಣಗೆ, ‘ನಿಂಗಾದ್ರೆ ಸರಿ ಕಣಮ್ಮ. ನಿನ್ ಮಗಳಿಗಾದ್ರೆ?’ ಎಂದರು.

ಅವಳು ನನ್ನ ಮುಖ ನೋಡಿದಳು. ಆಮೇಲೆ ವಾದ ಮಾಡಲಿಲ್ಲ. ‘ಮೂರು ತಿಂಗಳು ಅಂದ್ರೆ ಎಷ್ಟು ವಾರ?’ ಎಂದು ನನ್ನನ್ನು ಕೇಳಿದಳು. ಹದಿಮೂರು ಎಂದೆ. ಬೆರಳು ಮಡಚಿ ಎಣಿಸಿ, ‘ನಾಲ್ಕು ಸಲ ನೈಟ್ ಶಿಫ್ಟ್ ಬಂದೋಗೋಷ್ಟು’ ಎಂದಳು.

ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದು ಬೀಗ ಹಾಕಿದೆವು. ಹೊರಡುವಾಗ ಆ ನೀಲಿ ಗೆರೆಯ ಅಂಗಿಯೊಂದನ್ನು ತಂದುಕೊಳ್ಳುತ್ತೇನೆ ಎಂದು ಅಮ್ಮ ಕೇಳಿದಳು. ಬೇಡ ಎಂದರು ದೊಡ್ಡಪ್ಪ. ‘ಅದರಲ್ಲಿ ಅವರ ವಾಸನೆ ಇದೆ’ ಎಂದು ಅಷ್ಟು ಜನರ ಮುಂದೆ ಹೇಳಿಬಿಟ್ಟಳು. ಯಾರಿಗೂ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ‘ಇಲ್ಲೇ ಇರ್ತದೆ ಬುಡಮ್ಮ, ಎಲ್ಲೋಗತ್ತೆ’ ಎಂದು ದೊಡ್ಡಪ್ಪ ಬೀಗ ಎಳೆದು ನೋಡಿದರು.

ಅಗ್ರಹಾರದ ಮಹಡಿ ಮನೆಯಲ್ಲಿ ಅಮ್ಮ ಮೊದಲ ಹದಿನೈದು ದಿನ ಮೂಲೆ ಬಿಟ್ಟು ಏಳಲಿಲ್ಲ. ಆಮೇಲೆ ಎದ್ದಳು. ಅಡುಗೆ ಮನೆ ಅವಳದಾಯಿತು. ಒಂದು ಸೋಮವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ, ‘ಇವತ್ತಿಂದ ಸೆಕೆಂಡು’ ಎಂದಳು. ಅಪ್ಪ ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು. ಈಗ ಅವರೇ ಇಲ್ಲ, ಶಿಫ್ಟು ಮಾತ್ರ ಅವಳ ತಲೆಯಲ್ಲಿ ತಿರುಗುತ್ತಿತ್ತು. ಫಸ್ಟು, ಸೆಕೆಂಡು, ನೈಟು. ಒಂದು ಸುತ್ತು ಮುಗಿದರೆ ಮನೆ ಅಷ್ಟು ಹತ್ತಿರವಾಯಿತು ಎಂದು ಲೆಕ್ಕ.

ಆಷಾಢ ಬಂತು. ಗಾಳಿಯ ಜೊತೆ ಬಿಟ್ಟೂ ಬಿಡದ ಜಡಿಮಳೆ. ಅಮ್ಮನಿಗೆ ಹೊಸದೊಂದು ಯೋಚನೆ ಹತ್ತಿಕೊಂಡಿತು. ‘ಮಂಚದ ಮೇಲಿನ ಕಿಟಕಿ ಹಾಕಿದ್ಯಾ?’ ಹಾಕಿದೆ ಅಂದೆ. ಸಂಜೆ ಮತ್ತೆ ಕೇಳಿದಳು. ಮಾರನೇ ದಿನ ಮತ್ತೆ. ನನಗೂ ಅನುಮಾನ ಶುರುವಾಯಿತು. ಏಳನೇ ವಾರದ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ‘ಹೊರಗಿಂದ ನೋಡ್ಕೊಂಡು ಬರ್ತೀನಿ, ಸಾಕಲ್ಲ’ ಎಂದು ಸಿಡುಕಿ ಹೂಟಗಳ್ಳಿ ಬಸ್ಸು ಹತ್ತಿದೆ.

ಬಾಗಿಲ ಮುಳ್ಳು ಒಣಗಿ ಕಪ್ಪಾಗಿತ್ತು. ಮನೆಯ ಪಕ್ಕದ ಓಣಿಗೆ ಹೋಗಿ ನೋಡಿದರೆ ಕಿಟಕಿಯ ಒಂದು ರೆಕ್ಕೆ ಅಗಲವಾಗಿ ತೆರೆದುಕೊಂಡಿತ್ತು. ಹಾಕಿದ್ದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕಂಬಿಗಳ ನಡುವೆ ಮುಖವಿಟ್ಟು ನೋಡಿದೆ. ಹಾಸಿಗೆಯ ಅರ್ಧ ನೆನೆದು ಕಪ್ಪಗಾಗಿತ್ತು. ದಿಂಬಿನ ಮೇಲೆ ಬೂದು ಬಣ್ಣದ ಬೂಷ್ಟು. ಬಾಗಿಲ ಹಿಂದಿನ ಅಂಗಿ ಮಾತ್ರ ದೂರಕ್ಕೆ ಚೆನ್ನಾಗಿಯೇ ಕಂಡಿತು. ಭುಜದ ಹತ್ತಿರ ಎರಡೇ ಎರಡು ಕಪ್ಪು ಚುಕ್ಕೆ. ರೆಕ್ಕೆಯನ್ನು ತಳ್ಳಿ ಮುಚ್ಚಿದೆ. ಚಿಲಕ ಒಳಗಿತ್ತು, ಹೊರಗಿನಿಂದ ಹಾಕುವ ಹಾಗಿಲ್ಲ. ನನ್ನ ಕರ್ಚೀಫನ್ನು ರೆಕ್ಕೆಯ ಹಿಡಿಯಿಂದ ಕಂಬಿಗೆ ಸುತ್ತಿ ಗಂಟು ಹಾಕಿದೆ.

ಆಗ ಒಳಗೆ ಗಡಿಯಾರ ಹೊಡೆಯಿತು. ಢಣ್, ಢಣ್. ಎರಡು.

ಎರಡಕ್ಕೆ ಕಾರ್ಖಾನೆಯ ಸೈರನ್ ಆಗುತ್ತದೆ, ಶಿಫ್ಟು ಬದಲಾಗುತ್ತದೆ. ಚಿಕ್ಕಂದಿನ ಅಭ್ಯಾಸ, ನಿಂತಲ್ಲೇ ಸೈರನ್‌ಗೆ ಕಾದೆ. ಬರಲಿಲ್ಲ. ಇನ್ನೂ ಮಿಕ್ಕಿದ್ದು ಇದೆಯಲ್ಲ ಎಂದುಕೊಂಡು ಫೋನು ತೆಗೆದು ನೋಡಿದೆ. ಒಂದೂ ನಲವತ್ತು.

ಹನ್ನೊಂದು ಇಪ್ಪತ್ತು ಎಂದು ನಾನು ಹೇಳಿದ್ದು ಈ ಗಡಿಯಾರ ನೋಡಿ. ಹುಟ್ಟಿದಾಗಿನಿಂದ ಇಪ್ಪತ್ತು ಕಳೆದವಳು ಆ ಒಂದು ಸಲ ಕಳೆದಿರಲಿಲ್ಲ. ಅಪ್ಪ ಹೋದದ್ದು ಸರಿಯಾಗಿ ಹನ್ನೊಂದಕ್ಕೆ. ಭರಣಿ ಮುಗಿಯಲು ಇನ್ನೂ ಎಂಟು ನಿಮಿಷ ಇತ್ತು. ಈ ಬೀಗ, ಈ ಮುಳ್ಳು, ಈ ನೆಂದ ಹಾಸಿಗೆ ಒಂದೂ ಬೇಕಿರಲಿಲ್ಲ. ಊರ ಮಕ್ಕಳಿಗೆಲ್ಲ ಗಡಿಯಾರ ನೋಡುವುದನ್ನು ಕಲಿಸುವವಳು ನಾನು.

ಸೈರನ್ ಆಗುವವರೆಗೂ ಅಲ್ಲೇ ನಿಂತಿದ್ದೆ. ಆ ಶನಿವಾರವೇ ಹೇಳಿಬಿಟ್ಟಿದ್ದರೆ ಮಾರನೇ ದಿನವೇ ಬೀಗ ತೆಗೆಯಬಹುದಿತ್ತು. ಹಾಸಿಗೆ ಒಣಹಾಕಬಹುದಿತ್ತು. ಅಂಗಿ ಉಳಿಯುತ್ತಿತ್ತು. ಬಸ್ಸಿನಲ್ಲಿ, ಅಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದೆ. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರೆ ಬಿಸಿ ರೊಟ್ಟಿಯ ಘಮ. ಅಮ್ಮ ತಟ್ಟೆ ಇಟ್ಟುಕೊಂಡು ಕಾದಿದ್ದಳು.

‘ಕಿಟಕಿ?’

‘ಹಾಕಿತ್ತು’ ಎಂದೆ.

‘ಅಂಗಿ ಕಾಣ್ತಾ?’

‘ಹೂಂ. ಚೆನ್ನಾಗಿದೆ.’

ಅವಳ ಮುಖ ಎಷ್ಟು ಸಡಿಲವಾಯಿತೆಂದರೆ, ಆ ಹೊತ್ತು ನಿಜ ಹೇಳುವುದು ನನ್ನಿಂದ ಆಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಹೋಗಿ ನಾಡಿದ್ದಾಯಿತು, ನಾಡಿದ್ದು ಹೋಗಿ ಎಂಟು ದಿನವಾಯಿತು. ಕಾರಣಗಳಿಗೇನು ಬರವೇ. ದೊಡ್ಡಪ್ಪ ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಾರೆ. ಅಮ್ಮ ಈಗಷ್ಟೇ ಎರಡು ತುತ್ತು ತಿನ್ನುತ್ತಿದ್ದಾಳೆ, ಮತ್ತೆ ಕಲಕುವುದೇಕೆ. ಇನ್ನು ಆರೇ ವಾರ, ಎರಡು ಸುತ್ತು, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆಗಿಹೋಗುತ್ತದೆ. ಇವೆಲ್ಲ ಸುಳ್ಳಲ್ಲ. ಆದರೆ ಇವುಗಳ ಅಡಿಯಲ್ಲಿ ಇನ್ನೊಂದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ಒಬ್ಬಳೇ ಬೇಯಿಸಿಕೊಂಡು ತಿಂದವಳಿಗೆ, ಸಂಜೆ ಮೆಟ್ಟಿಲು ಹತ್ತುವಾಗ ಒಳಗೆ ದೀಪ ಇರುವುದು ಹಿತವಾಗಿತ್ತು. ಅವಳು ಹೋದರೆ ರೊಟ್ಟಿಯೂ ಹೋಗುತ್ತದೆ. ಇಷ್ಟು ಸಣ್ಣ ಮನಸ್ಸು ನನ್ನದು ಎಂದು ನನಗೂ ಗೊತ್ತಿರಲಿಲ್ಲ.

ಪ್ರತಿ ಸೋಮವಾರ ಅವಳು, ‘ಇವತ್ತಿಂದ ನೈಟು’, ‘ಇವತ್ತಿಂದ ಫಸ್ಟು’ ಎನ್ನುವಾಗ ನಾನು ಚೀಲ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ. ಮಳೆ ನಿಲ್ಲುತ್ತಲೂ ಇರಲಿಲ್ಲ.

ಗೌರಿ ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಮೂರು ತಿಂಗಳು ತುಂಬಿತು. ದೊಡ್ಡಪ್ಪ ಬಂದು ಮುಳ್ಳು ತೆಗೆಸಿ, ಬೀಗ ತೆಗೆದು, ನಡುಮನೆಯಲ್ಲಿ ಶಾಂತಿ ಮಾಡಿಸಿದರು. ಸಣ್ಣ ಕೋಣೆಯ ಬಾಗಿಲನ್ನು ಯಾರೂ ತೆರೆಯಲಿಲ್ಲ. ಪೂಜೆ ಮಾಡಿಸಿದವರು ಹೋದರು, ಬಸ್ಸಿಗೆ ಹೊತ್ತಾಯಿತು ಎಂದು ದೊಡ್ಡಪ್ಪನೂ ಹೋದರು. ಅದಕ್ಕೇ ಕಾದಿದ್ದವಳ ಹಾಗೆ ಅಮ್ಮ ಎದ್ದು ಕೋಣೆಯ ಬಾಗಿಲು ತಳ್ಳಿದಳು.

ವಾಸನೆ ಮೂಗಿಗೆ ಹೊಡೆಯಿತು. ಹಾಸಿಗೆ ಕೊಳೆತು ಮಂಚಕ್ಕೆ ಅಂಟಿಕೊಂಡಿತ್ತು. ಗೋಡೆಯ ತೇವ ಬಾಗಿಲ ಹಿಂದಿನವರೆಗೂ ಹರಡಿತ್ತು. ಅಮ್ಮ ಅಂಗಿಯನ್ನು ಮೊಳೆಯಿಂದ ಬಿಡಿಸಿದಳು. ಗೆರೆಗಳೇ ಕಾಣದಷ್ಟು ಕಪ್ಪು ಚುಕ್ಕೆ, ಕಂಕುಳ ಹತ್ತಿರ ಬಟ್ಟೆ ಕೈಗೇ ಹರಿದು ಬಂತು. ಮುಖಕ್ಕೆ ಒತ್ತಿಕೊಂಡು ಒಂದು ಸಲ ಉಸಿರೆಳೆದುಕೊಂಡಳು. ಇನ್ನೊಂದು ಸಲ ಎಳೆದುಕೊಂಡಳು. ಕೆಳಗಿಳಿಸಿದಳು. ಮಂಚದ ಒಣಗಿದ ತುದಿಯಲ್ಲಿ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಡುಮನೆಯಲ್ಲಿ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಹನ್ನೆರಡನ್ನೂ ಹೊಡೆದು ಮುಗಿಸಿತು.

‘ಹನ್ನೊಂದೂ ನಲವತ್ತು’ ಎಂದಳು ಅಮ್ಮ, ಯೋಚನೆಯೇ ಮಾಡದೆ, ಇಷ್ಟು ವರ್ಷ ಹೇಳಿದ ಹಾಗೆಯೇ. ಹೇಳಿದವಳು ತಲೆ ಎತ್ತಿ ಬಾಗಿಲಾಚೆಗಿನ ಗೋಡೆಯನ್ನು ನೋಡಿದಳು.

‘ಅವತ್ತು ಟೈಮ್ ಹೇಳಿದ್ದು ಯಾರು?’

‘ನಾನು.’

‘ಫೋನು ನೋಡಿ ಹೇಳಿದ್ಯಾ?’

‘ಇಲ್ಲಮ್ಮ. ಅದನ್ನೇ.’

ಅವಳ ತುಟಿ ಅಲ್ಲಾಡಿತು. ನಾನು ಚಿಕ್ಕವಳಿದ್ದಾಗ ನನ್ನ ತುಟಿ ಅಲ್ಲಾಡುತ್ತಿದ್ದ ಹಾಗೆ, ಇಪ್ಪತ್ತು ಕಳೆಯುವಾಗ. ಲೆಕ್ಕ ಮುಗಿಯುವುದು ನನಗೆ ಕಂಡಿತು. ಮಡಿಲಿನ ಅಂಗಿಯ ಮೇಲೆ ಕೈ ಆಡಿಸಿದಳು.

‘ನಿಂಗೆ ಯಾವಾಗ ಗೊತ್ತಾಯ್ತು?’

‘ಈಗ’ ಎಂದೆ.

ಅವಳು ತಲೆಯಾಡಿಸಿದಳು. ಹೋಗಲಿ ಬಿಡು, ಎಲ್ಲರಿಗೂ ಆಗುತ್ತದೆ ಎಂಬಂತೆ ನನ್ನ ತೋಳು ಮುಟ್ಟಿದಳು ಕೂಡ. ಆಮೇಲೆ, ಗಾಳಿಯಾದರೂ ಆಡಲಿ ಎಂದು ಎದ್ದು ಕಿಟಕಿಯ ಕಡೆಗೆ ಹೋದಳು. ರೆಕ್ಕೆ ತಳ್ಳಿದಳು, ಅದು ತೆರೆಯಲಿಲ್ಲ. ಕಂಬಿಯ ಸಂದಿನಲ್ಲಿ ಕೈ ಹಾಕಿ ತಡವಿದಳು. ಆರು ವಾರದಲ್ಲಿ ಒಂದು ಸಲವೂ ನನಗೆ ನೆನಪಾಗದೇ ಹೋದದ್ದು ಆಗ ನೆನಪಾಯಿತು.

ಗಂಟು ಮಳೆಗೆ ಬಿಗಿದುಕೊಂಡಿತ್ತು. ಬಿಡಿಸಲು ತುಂಬ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಅವಳ ಬೆನ್ನು ನೋಡುತ್ತಾ ನಿಂತಿದ್ದೆ. ಅವಳೇ ಅಂಚು ಹೊಲಿದು ಕೊಟ್ಟಿದ್ದ ಕರ್ಚೀಫು, ಮೂಲೆಯಲ್ಲಿ ಒಂದು ಹಸಿರು ಹೂವು. ಗುರುತು ಹಿಡಿಯದೇ ಇರುವ ಹಾಗಿರಲಿಲ್ಲ. ಕಿಟಕಿ ಹಾಕಿತ್ತು, ಅಂಗಿ ಚೆನ್ನಾಗಿತ್ತು ಎಂದು ನಾನು ಹೇಳಿದ್ದು ಯಾವ ಶನಿವಾರ ಎಂಬುದೂ, ಆ ಗೋಡೆಯ ಗಡಿಯಾರ ಓಣಿಗೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದೂ ಅವಳಿಗೆ ಗೊತ್ತು. ಅವಳು ತಿರುಗಿ, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಯಲ್ಲಿಟ್ಟಳು.

‘ಬಸ್ಸಿಗೆ ಹೊತ್ತಾಯ್ತು. ಹೊರಡು’ ಎಂದಳು.

ಗೋಡೆಯ ಮೇಲೆ ಹನ್ನೆರಡೂ ಐದು. ನನ್ನ ಬಸ್ಸು ಇದ್ದದ್ದು ಹನ್ನೆರಡೂ ಐದಕ್ಕೇ, ಊರಿನ ಹನ್ನೆರಡೂ ಐದಕ್ಕೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಮಿಕ್ಕಿದ್ದು ಪೂರ್ತಿ ಇಪ್ಪತ್ತು ನಿಮಿಷ ಹಾಗೇ ಇತ್ತು. ಕೂತ್ಕೋ ಎಂದು ಅವಳು ಅನ್ನಲಿಲ್ಲ.